ರಸ್ತೆ ಬರುವ ಮೊದಲು ಊರಿನ ಹಳೆ ಕಲ್ಲುಗಳನ್ನು ಕಾಗದಕ್ಕೆ ತರುವುದು ಹೇಗೆ

ನಮ್ಮೂರಿನ ತೋಡಿನ ಬದಿಯಲ್ಲಿ ಒಂದು ಒಗೆಯುವ ಕಲ್ಲು ಇತ್ತು. ಉಡುಪಿಯಿಂದ ಕಾರ್ಕಳದ ಕಡೆಗೆ ಹೋಗುವ ಒಳರಸ್ತೆಯೊಂದರ ಪಕ್ಕ. ನಾಲ್ಕಡಿ ಉದ್ದದ ಕಪ್ಪು ಕಗ್ಗಲ್ಲು, ಸವೆದು ಸವೆದು ನುಣ್ಣಗಾಗಿತ್ತು. ಅಜ್ಜಿ ಅದರ ಮೇಲೆ ಬಟ್ಟೆ ಒಗೆದವರು, ನಾವು ಮಕ್ಕಳು ಅದರ ಮೇಲೆ ಕೂತು ಕಾಲನ್ನು ನೀರಿಗೆ ಇಳಿಬಿಟ್ಟವರು. ರಸ್ತೆ ಅಗಲ ಮಾಡಲು ಬಂದ ಹಿಟಾಚಿ ಒಂದು ಬೆಳಿಗ್ಗೆ ಅದನ್ನು ಎತ್ತಿ ಮಗುಚಿ ಹಾಕಿತು. ಅಡಿಯ ಮುಖದಲ್ಲಿ ಸೂರ್ಯ, ಚಂದ್ರ, ನಡುವೆ ಒಂದು ಲಿಂಗ, ಅದರ ಕೆಳಗೆ ಸಾಲು ಸಾಲು ಅಕ್ಷರ. ಮೊಬೈಲಿನಲ್ಲಿ ಒಂದೇ ಒಂದು ಫೋಟೋ ತೆಗೆದೆ. ಯಾರಿಗೆ ಹೇಳುವುದು ಎಂದು ಗೊತ್ತಾಗದೆ ಮನೆಗೆ ಬಂದು, ಅವರಿವರಿಗೆ ಫೋನ್ ಮಾಡಿ, ಊಟ ಮುಗಿಸಿ ವಾಪಸ್ ಹೋಗುವಷ್ಟರಲ್ಲಿ ಕಲ್ಲು ಮೋರಿಯ ತಳಕ್ಕೆ ಹೋಗಿ ಮೇಲೆ ಕಾಂಕ್ರೀಟ್ ಬಿದ್ದಿತ್ತು. ಆ ಫೋಟೋದಲ್ಲಿ ‘ಸ್ವಸ್ತಿ ಶ್ರೀ’ ಅಂತ ಮಾತ್ರ ಓದಲು ಬರುತ್ತದೆ. ಉಳಿದದ್ದು ಮಣ್ಣು ಮೆತ್ತಿದ ಗೆರೆಗಳು.

ಹಿಟಾಚಿ ಓಡಿಸುತ್ತಿದ್ದವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕೈಗೆ ಕೊಟ್ಟ ನಕ್ಷೆಯಲ್ಲಿ ಆ ಕಲ್ಲು ಇರಲಿಲ್ಲ. ಪಂಚಾಯಿತಿಯ ಫೈಲಿನಲ್ಲೂ ಇರಲಿಲ್ಲ. ಎಲ್ಲಿಯೂ ಇರಲಿಲ್ಲ. ಆಮೇಲೆ ಎರಡು ಮೂರು ಊರುಗಳಲ್ಲಿ ಗೆಳೆಯರ ಜೊತೆ ಓಡಾಡಿ ಈ ಕೆಲಸ ಕಲಿತೆ. ಕಲಿತದ್ದರಲ್ಲಿ ಮುಖ್ಯವಾದದ್ದು ಇಷ್ಟೇ: ಹಳೆಯ ವಸ್ತು ಎಲ್ಲಿದೆ ಎನ್ನುವುದು ಸರ್ವೆ ನಂಬರ್ ಸಮೇತ ಒಂದು ಕಾಗದಕ್ಕೆ ಬರಬೇಕು, ರಸ್ತೆಯ ಗಡಿಕಲ್ಲು ನೆಡುವ ಮೊದಲೇ ಬರಬೇಕು. ನಿಮ್ಮ ಊರಿಗೆ ಬೈಪಾಸ್ ಬರುತ್ತದೆ, ಚತುಷ್ಪಥ ಬರುತ್ತದೆ ಎಂಬ ಸುದ್ದಿ ಕಿವಿಗೆ ಬಿದ್ದ ದಿನವೇ ಶುರು ಮಾಡಿ.

ಕಾನೂನು ಎಷ್ಟು ಕಾಯುತ್ತದೆ, ಎಲ್ಲಿ ಕಾಯುವುದಿಲ್ಲ

ಯುರೋಪಿನ ಎಷ್ಟೋ ದೇಶಗಳಲ್ಲಿ ದೊಡ್ಡ ರಸ್ತೆ ಮಾಡುವ ಮೊದಲು ಪುರಾತತ್ವದವರು ಬಂದು ಸರ್ವೆ ಮಾಡುತ್ತಾರೆ, ಬೇಕಾದ ಕಡೆ ಅಗೆದು ನೋಡುತ್ತಾರೆ. 1992ರ ವ್ಯಾಲೆಟ್ಟಾ ಒಪ್ಪಂದ ಅದಕ್ಕೆ ಆಧಾರ. ನಮ್ಮಲ್ಲಿ ಈ ಕೆಲಸ ಗೊತ್ತಿಲ್ಲ ಅಂತೇನಿಲ್ಲ. ಕೃಷ್ಣಾ ನದಿಗೆ ಅಣೆಕಟ್ಟು ಕಟ್ಟುವಾಗ ನಾಗಾರ್ಜುನಕೊಂಡದ ಕಣಿವೆ ಮುಳುಗುತ್ತದೆ ಎಂದು ಗೊತ್ತಾಗಿ 1954ರಿಂದ 1960ರವರೆಗೆ ಅಗೆದು, ದಾಖಲಿಸಿ, ಮುಖ್ಯವಾದದ್ದನ್ನು ಮೇಲಕ್ಕೆ ಸಾಗಿಸಿದ್ದರು. ಆದರೆ ಪ್ರತಿ ರಸ್ತೆಗೂ ಮೊದಲು ಪುರಾತತ್ವ ಸರ್ವೆ ಆಗಲೇಬೇಕು ಎನ್ನುವ ಕಾನೂನು ನಮ್ಮಲ್ಲಿಲ್ಲ.

ಇರುವುದು ರಕ್ಷಿತ ಸ್ಮಾರಕಗಳ ಕಾನೂನು. 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ಅದರ ಪ್ರಕಾರ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಕಾರ್ಕಳದ ಗೊಮ್ಮಟನಂಥ ಕಡೆ ಇದು ಕೆಲಸಕ್ಕೆ ಬರುತ್ತದೆ. ರಾಜ್ಯದ ರಕ್ಷಣೆಯಲ್ಲಿರುವವಕ್ಕೆ 1961ರ ನಮ್ಮದೇ ಕಾಯ್ದೆ ಇದೆ. ಗದ್ದೆ ಬದುವಿನ ಶಾಸನ, ಬನದ ಮೂಲೆಯ ವೀರಗಲ್ಲು, ಪದವಿನ (ಗುಡ್ಡದ ನೆತ್ತಿಯ ಸಪಾಟು ಬಯಲಿನ) ಮೇಲಿನ ಕಲ್ಲುಗೋರಿ, ಇವು ಹೆಚ್ಚಿನವು ಯಾವ ಪಟ್ಟಿಯಲ್ಲೂ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಊರಿನವರೇ ತೋರಿಸಬೇಕು.

ಪರಿಸರ ವರದಿಯಲ್ಲಿ ಬರಬಹುದಲ್ವಾ ಅಂತ ಕೇಳಬಹುದು. ಪರಿಸರ ಅನುಮತಿಯ 2006ರ ಅಧಿಸೂಚನೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ ಇರುವ ರಾಷ್ಟ್ರೀಯ ಹೆದ್ದಾರಿಯನ್ನು ಅಗಲ ಮಾಡುವುದಾದರೆ ಉದ್ದ 100 ಕಿಲೋಮೀಟರ್ ದಾಟಿದರೆ ಮಾತ್ರ ಆ ಲೆಕ್ಕಕ್ಕೆ ಬರುತ್ತದೆ, ಅದರಲ್ಲೂ ಜಾಗ ಎಷ್ಟು ಅಗಲ ತೆಗೆಯುತ್ತಾರೆ ಎನ್ನುವ ಷರತ್ತು ಬೇರೆ ಇದೆ. ಮಂಗಳೂರಿನ ಬಿಕರ್ನಕಟ್ಟೆಯಿಂದ ಕಾರ್ಕಳದ ಸಾಣೂರಿನವರೆಗಿನ ರಾಷ್ಟ್ರೀಯ ಹೆದ್ದಾರಿ 169ರ ಅಗಲೀಕರಣ 50 ಕಿಲೋಮೀಟರ್ ಕೂಡ ಇಲ್ಲ. ಹಾಗಾಗಿ ಸಾರ್ವಜನಿಕ ವಿಚಾರಣೆ ಬರುತ್ತದೆ, ಅಲ್ಲಿ ಹೇಳೋಣ ಎಂದು ಕಾದು ಕೂರಬೇಡಿ.

ಮೊದಲ ವಾರ ಮನೆಯಲ್ಲೇ ಕೆಲಸ

ಚಪ್ಪಲಿ ಹಾಕಿ ಹೊರಡುವ ಮೊದಲು ಹಳೆಯ ದಾಖಲೆ ನೋಡಿ. ಇಲ್ಲಿ ಒಂದು ವಿಷಯ ಗೊತ್ತಿರಬೇಕು. ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳು 1956ರವರೆಗೆ ಮದ್ರಾಸಿಗೆ ಸೇರಿದ್ದವು. ಬಿ.ಎಲ್. ರೈಸ್ ಮಾಡಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನ ಸಂಪುಟಗಳು ಹಳೆ ಮೈಸೂರು ಮತ್ತು ಕೊಡಗಿನವು. ಅದರಲ್ಲಿ ಹುಡುಕಿ ‘ನಮ್ಮೂರಲ್ಲಿ ಏನೂ ಇಲ್ಲ’ ಎಂದು ಕೈಬಿಟ್ಟವರು ಇದ್ದಾರೆ. ನಮ್ಮ ಕಡೆಯ ಶಾಸನಗಳು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್’ ಮಾಲೆಯಲ್ಲಿವೆ, ಅದರಲ್ಲೂ 7ನೇ ಸಂಪುಟದಲ್ಲಿ ಬಾರಕೂರು, ಬಸರೂರು ಕಡೆಯವು ಜಾಸ್ತಿ. ಭಾರತೀಯ ಪುರಾತತ್ವ ಇಲಾಖೆಯ ಶಾಸನ ವಿಭಾಗ ಮೈಸೂರಿನಲ್ಲಿದೆ, ಅವರ ವಾರ್ಷಿಕ ವರದಿಗಳಲ್ಲೂ ಊರಿನ ಹೆಸರು ಹುಡುಕಿ. ಹಳೆ ಕಾಗುಣಿತ ನೆನಪಿಟ್ಟುಕೊಳ್ಳಿ. ಬಾರಕೂರು ಬಾರಕನೂರು ಆಗಿರುತ್ತದೆ.

ಆಮೇಲೆ ಗ್ರಾಮ ನಕ್ಷೆ. ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್ ಮೊಬೈಲಿಗೆ ಹಾಕಿಕೊಂಡರೆ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರ ಹಿಂದಕ್ಕೆ ಸರಿಸಿ ನೋಡಬಹುದು. ರಬ್ಬರ್ ತೋಟ ಬರುವ ಮೊದಲು ಗುಡ್ಡ ಹೇಗಿತ್ತು, ಕಲ್ಲುಕೋರೆ ಎಲ್ಲಿಂದ ಎಲ್ಲಿಗೆ ಬೆಳೆಯಿತು ಎಂದು ಅಲ್ಲಿ ಕಾಣುತ್ತದೆ. ರಸ್ತೆಯ ನಕ್ಷೆ ಬೇಕು ಎಂದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು.

ಆ ನಕ್ಷೆ ಕೇಳುವಾಗ ಇನ್ನೊಂದನ್ನು ಸೇರಿಸಿ ಕೇಳಿ. ಇದನ್ನು ಎಲ್ಲರೂ ಮರೆಯುತ್ತಾರೆ. ರಸ್ತೆಗೆ ತುಂಬಿಸುವ ಮಣ್ಣು ಎಲ್ಲಿಂದ ಬರುತ್ತದೆ? ನಮ್ಮ ಕಡೆ ರಸ್ತೆ ಬೈಲಿನಲ್ಲಿ, ಗದ್ದೆಯಲ್ಲಿ ಹೋಗುವಾಗ ಎತ್ತರಿಸಲೇಬೇಕು, ಇಲ್ಲದಿದ್ದರೆ ಆಟಿ ತಿಂಗಳ ಮಳೆಯಲ್ಲಿ ನೀರು ನಿಲ್ಲುತ್ತದೆ. ಆ ಮಣ್ಣು ಯಾವುದೋ ಪದವು, ಯಾವುದೋ ಗುಡ್ಡ ಕಡಿದು ತಂದದ್ದು. ಸಾವಿರಾರು ವರ್ಷ ಹಿಂದಿನ ಗೋರಿಗಳು ಇರುವುದು ಅಂಥ ಪದವುಗಳ ಮೇಲೆಯೇ. ಮೂಡುಬಿದಿರೆ ಹತ್ತಿರದ ಮೂಡುಕೊಣಾಜೆಯ ಕಲ್ಲುಗೋರಿಗಳು ನಿಂತಿರುವ ಜಾಗ ನೋಡಿ ಬನ್ನಿ, ಯಾವ ಥರದ ನೆಲ ಎಂದು ಕಣ್ಣಿಗೆ ಕೂರುತ್ತದೆ. ರಸ್ತೆ ಮುಟ್ಟದ ಊರಿನಲ್ಲೂ ರಸ್ತೆಗಾಗಿ ಗುಡ್ಡ ಹೋಗುತ್ತದೆ. ಹಾಗಾಗಿ ಮಣ್ಣು ತೆಗೆಯುವ ಜಾಗ, ಜಲ್ಲಿ ಕೋರೆ, ಕಾರ್ಮಿಕರ ಶೆಡ್ ಹಾಕುವ ಜಾಗ, ಇವನ್ನೆಲ್ಲ ನಿಮ್ಮ ಪಟ್ಟಿಗೆ ಸೇರಿಸಿ.

ಯಾರನ್ನು ಕೇಳಬೇಕು

ಹೆಸರುಗಳನ್ನು ಕೇಳಿ. ಕೋಟೆ, ಬೀಡು, ಪೇಟೆ, ಬಸದಿ, ಕೇರಿ ಎಂಬ ಪದ ಇರುವ ಗದ್ದೆಯ ಹೆಸರು ಸಿಕ್ಕಿದರೆ ಬಿಡಬೇಡಿ. ಈಗ ಬರೀ ತೆಂಗಿನ ತೋಟ ಇರುವ ಕಡೆ ‘ಬಸದಿ ಬೆಟ್ಟು’ ಎಂದು ಕರೆಯುತ್ತಾರಾದರೆ ಅದಕ್ಕೆ ಕಾರಣ ಇರುತ್ತದೆ. ‘ಪಾಂಡವರ ಗುಹೆ’, ‘ಪಾಂಡವರ ಕಲ್ಲು’ ಎನ್ನುವ ಕಡೆ ಕಲ್ಲುಗೋರಿ ಇರುವ ಸಾಧ್ಯತೆ ಜಾಸ್ತಿ. ಇಂಥ ಹೆಸರು ಪಹಣಿಯಲ್ಲಿ ಇರುವುದಿಲ್ಲ, ನಾಟಿಗೆ ಹೋಗುತ್ತಿದ್ದ ಅಮ್ಮಂದಿರಿಗೆ, ದನ ಮೇಯಿಸಿದ ಅಜ್ಜಂದಿರಿಗೆ ಗೊತ್ತಿರುತ್ತದೆ. ತುಳುವಿನಲ್ಲೋ ಕುಂದಾಪ್ರ ಕನ್ನಡದಲ್ಲೋ ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ.

ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಕಡಿಯುವವರ ಜೊತೆ ಒಂದು ಸಂಜೆ ಕೂತು ಮಾತಾಡಿ. ಎಲ್ಲಿ ನೆಲ ಟೊಳ್ಳು ಸದ್ದು ಕೊಟ್ಟಿತು, ಎಲ್ಲಿ ಕೋರೆಯೊಳಗೆ ಗುಂಡಗಿನ ಕೋಣೆ ಸಿಕ್ಕಿತು, ಎಲ್ಲಿ ಮಡಕೆ ಚೂರು ಬಂತು ಎಂದು ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಗುತ್ತಿನ ಮನೆಯವರು, ಗರಡಿ ನೋಡಿಕೊಳ್ಳುವವರು, ದೈವಸ್ಥಾನದ ಮುಕ್ತೇಸರರು, ಇವರಿಗೆ ಮೊದಲೇ ಹೇಳಿ ಹೋಗಿ. ನಾಗಬನಕ್ಕೆ ಸುಮ್ನೆ ನುಗ್ಗಬೇಡಿ. ಒಪ್ಪಿಗೆ ಕೇಳಿ, ಚಪ್ಪಲಿ ಹೊರಗೆ ಬಿಡಿ, ಬೇಡ ಎಂದರೆ ಹೊರಗಿನಿಂದಲೇ ನೋಡಿ ಬನ್ನಿ. ಕೆಲವು ಬನಗಳಲ್ಲಿ ಹೊಸ ನಾಗನ ಕಲ್ಲಿನ ಹಿಂದೆ ತೀರಾ ಹಳೆಯ ಕೆತ್ತನೆ ಒರಗಿರುತ್ತದೆ. ಇನ್ನೊಂದು, ಭಿನ್ನವಾದ ಮೂರ್ತಿಯನ್ನು ಕೆರೆಗೋ ಹೊಳೆಗೋ ಬಿಡುವ ರೂಢಿ ನಮ್ಮಲ್ಲಿದೆ ಅಲ್ವಾ. ಸೇತುವೆ ಕಟ್ಟುವ ಕಡೆ, ಕೆರೆ ಮುಚ್ಚುವ ಕಡೆ ಅದಕ್ಕೇ ಕಣ್ಣಿಟ್ಟಿರಬೇಕು.

ನಡೆಯುವುದು

ಮಳೆಗಾಲದಲ್ಲಿ ಹೋಗಿ ಪ್ರಯೋಜನವಿಲ್ಲ, ಹುಲ್ಲು ಸೊಂಟದವರೆಗೆ ಬಂದಿರುತ್ತದೆ. ಏಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲು ಮುಗಿದ ಮೇಲೆ ಗದ್ದೆಯಲ್ಲಿ, ಜನವರಿ ದಾಟಿದ ಮೇಲೆ ಪದವಿನಲ್ಲಿ ನಡೆಯಿರಿ. ಮೇ ಕೊನೆಯಲ್ಲಿ ಒಂದೆರಡು ಮಳೆ ಬಿದ್ದು ಧೂಳು ತೊಳೆದು ಹೋದ ಮಾರನೆಯ ದಿನ ಇನ್ನೂ ಒಳ್ಳೆಯದು. ನಾಲ್ಕೈದು ಜನ ಹತ್ತು ಹೆಜ್ಜೆ ಅಂತರದಲ್ಲಿ ಸಾಲಾಗಿ, ಒಂದೇ ದಿಕ್ಕಿಗೆ, ನಿಧಾನವಾಗಿ. ಗುಂಪಾಗಿ ಮಾತಾಡುತ್ತಾ ಹೋದರೆ ಎಲ್ಲರೂ ಒಂದೇ ಕಡೆ ನೋಡುತ್ತೀರಿ. ರಸ್ತೆಗೆ ಗುರುತು ಮಾಡಿದ ಅಗಲಕ್ಕಿಂತ ಎರಡೂ ಬದಿ ನೂರು ಮೀಟರ್ ಜಾಸ್ತಿ ನಡೆಯಿರಿ, ಯಾಕೆಂದರೆ ಕೆಲಸ ಶುರುವಾದ ಮೇಲೆ ಲಾರಿಗಳು ಗೆರೆಯೊಳಗೆ ಮಾತ್ರ ಓಡುವುದಿಲ್ಲ.

ಏನನ್ನು ನೋಡಬೇಕು? ಮುರಕಲ್ಲಿನಲ್ಲಿ ಸಣ್ಣ ಅಕ್ಷರ ನಿಲ್ಲುವುದಿಲ್ಲ, ಹಾಗಾಗಿ ಶಾಸನಕ್ಕೆ ಕಗ್ಗಲ್ಲನ್ನೇ ಆರಿಸುತ್ತಿದ್ದರು. ಸುತ್ತ ಎಲ್ಲೂ ಕಗ್ಗಲ್ಲು ಇಲ್ಲದ ಕೆಂಪು ನೆಲದಲ್ಲಿ ಒಂದು ಚಪ್ಪಟೆ ಕಗ್ಗಲ್ಲು ನಿಂತಿದ್ದರೆ, ಬಿದ್ದಿದ್ದರೆ, ತೋಡಿಗೆ ಸಂಕವಾಗಿದ್ದರೆ, ಅದನ್ನು ಯಾರೋ ಹೊತ್ತು ತಂದಿದ್ದಾರೆ ಎಂದೇ ಅರ್ಥ. ಅದರ ಎಲ್ಲ ಮುಖ ನೋಡಿ. ಎತ್ತಲು ಆಗದಿದ್ದರೆ ಅಡಿಗೆ ಕೈ ತೂರಿಸಿ ಬೆರಳಿನಲ್ಲಿ ಸವರಿ, ಮೊದಲು ಕೋಲಿನಿಂದ ಹಾವು ಇಲ್ಲವೆಂದು ನೋಡಿಕೊಳ್ಳಿ. ಸೂರ್ಯಚಂದ್ರರು ಮೇಲಿದ್ದರೆ ದಾನದ ಕಲ್ಲೋ ವೀರಗಲ್ಲೋ ಇರಬಹುದು. ದಾನ ಶಾಸನದ ಕೊನೆಯಲ್ಲಿ ಕವಿಲೆ, ವಾರಣಾಸಿ ಎಂಬ ಪದಗಳು ಕಾಣುತ್ತವೆ, ದಾನ ಕೆಡಿಸಿದವರಿಗೆ ವಾರಣಾಸಿಯಲ್ಲಿ ಹಸು ಕೊಂದ ಪಾಪ ಎನ್ನುವ ಶಾಪ ಅದು. ಕೆಲವು ಕಲ್ಲುಗಳಲ್ಲಿ ತುಳು ಲಿಪಿ ಇರುತ್ತದೆ, ಓದಲು ಬರಲಿಲ್ಲ ಎಂದು ಬಿಡಬೇಡಿ.

ಪದವಿನಲ್ಲಿ ಮುರಕಲ್ಲಿನ ನೆಲದ ಮೇಲೆ ಗುಂಡಗಿನ ತೂತು ಕಂಡರೆ ಹತ್ತಿರ ಹೋಗಿ ಟಾರ್ಚ್ ಬಿಡಿ, ಒಳಗೆ ಇಳಿಯಬೇಡಿ. ಕೆಳಗೆ ಗುಮ್ಮಟದ ಹಾಗೆ ಕೊರೆದ ಕೋಣೆ ಇರಬಹುದು. ಸುತ್ತಮುತ್ತ ಮಡಕೆ ಚೂರು ಹುಡುಕಿ. ಮಾಮೂಲಿ ಹೆಂಚಿನ ಚೂರಿಗೂ ಇದಕ್ಕೂ ವ್ಯತ್ಯಾಸ ಒಮ್ಮೆ ನೋಡಿದರೆ ಮರೆಯುವುದಿಲ್ಲ: ಒಳಮೈ ಮತ್ತು ಬಾಯಿಯ ಅಂಚು ಕಪ್ಪು, ಹೊರಮೈಯ ಕೆಳಭಾಗ ಕೆಂಪು, ಬೆರಳಿಗೆ ನಯ. ಆ ಚೂರನ್ನು ಜೇಬಿಗೆ ಹಾಕಿಕೊಳ್ಳಬೇಡಿ. ಇದ್ದಲ್ಲೇ ಫೋಟೋ ತೆಗೆದು ಬಿಡಿ. ಜಾಗದಿಂದ ಬೇರೆಯಾದ ಚೂರು ಬರೀ ಚೂರು. ಸಣ್ಣವೆನಿಸುವ ಇನ್ನೂ ಕೆಲವು ಇವೆ, ಬ್ರಿಟಿಷರ ಕಾಲದ ಮೈಲುಗಲ್ಲು, ಹೊರೆ ಇಳಿಸುವ ಕಲ್ಲು, ಅಶ್ವತ್ಥಕಟ್ಟೆ, ಲಿಂಗಮುದ್ರೆಯ ಗಡಿಕಲ್ಲು. ಇವು ರಸ್ತೆ ಬದಿಯಲ್ಲೇ ಇರುತ್ತವೆ, ಮೊದಲು ಹೋಗುವುದೂ ಇವೇ.

ಅಗೆಯಬೇಡಿ. ಎರಡು ಇಂಚು ಕೂಡ ಬೇಡ. ಉತ್ಖನನಕ್ಕೆ ಪುರಾತತ್ವ ಇಲಾಖೆಯ ಪರವಾನಗಿ ಬೇಕು. ನಾಣ್ಯವೋ ಪಾತ್ರೆಯೋ ಸಿಕ್ಕಿದರೆ ಉಜ್ಜಬೇಡಿ, ಹಂಚಿಕೊಳ್ಳಬೇಡಿ. ನಮ್ಮಲ್ಲಿ 1962ರ ನಿಧಿ ಕಾಯ್ದೆ ಇದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು. ‘ನಿಧಿ’ ಎಂಬ ಪದವನ್ನು ಊರಿನಲ್ಲಿ ಬಾಯಿ ಬಿಟ್ಟು ಆಡಲೂಬೇಡಿ. ಅದು ಕಿವಿಯಿಂದ ಕಿವಿಗೆ ಹೋಗಿ ಒಂದೇ ರಾತ್ರಿಯಲ್ಲಿ ಗೋರಿ ಅಗೆದು ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದೇ ಕಾರಣಕ್ಕೆ ಸಿಕ್ಕಿದ ಜಾಗದ ಲೊಕೇಶನ್ ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಫೋಟೋ ಮತ್ತು ಬರಹ

ಶಾಸನದ ಮೇಲೆ ಸೀಮೆಸುಣ್ಣ, ಹಿಟ್ಟು, ಎಣ್ಣೆ, ಆ್ಯಸಿಡ್ ಯಾವುದನ್ನೂ ಹಾಕಬೇಡಿ. ಬರೀ ನೀರು, ಮೆತ್ತನೆಯ ಬ್ರಷ್, ಸಾಕು. ಮಧ್ಯಾಹ್ನದ ಬಿಸಿಲಿನಲ್ಲಿ ಅಕ್ಷರ ಕಾಣುವುದೇ ಇಲ್ಲ. ನಾವು ಒಂದು ಕಲ್ಲನ್ನು ಹಗಲಿನಲ್ಲಿ ಎರಡು ಸಲ ನೋಡಿ ‘ಖಾಲಿ’ ಎಂದು ಬರೆದಿದ್ದೆವು. ರಾತ್ರಿ ಏಳೂವರೆಗೆ ಹೋಗಿ ಗೆಳೆಯನೊಬ್ಬ ಟಾರ್ಚನ್ನು ಕಲ್ಲಿನ ಬದಿಗೆ, ಮೇಲ್ಮೈಗೆ ಹೆಚ್ಚುಕಡಿಮೆ ತಾಗಿಸಿ ಹಿಡಿದ. ಮೊದಲು ಒಂದು ಗೆರೆ, ಆಮೇಲೆ ಒಂದು ಕೊಂಬು, ಆಮೇಲೆ ‘ಶಕವ’ ಎಂಬ ಮೂರು ಅಕ್ಷರ. ಟಾರ್ಚ್ ನೇರ ಮುಂದಕ್ಕೆ ತಂದರೆ ಎಲ್ಲ ಮಾಯ, ಬದಿಗೆ ಸರಿಸಿದರೆ ಮತ್ತೆ ಬರುತ್ತಿತ್ತು. ಹಾಗಾಗಿ ನಾಲ್ಕೂ ಬದಿಯಿಂದ ಬೆಳಕು ಬಿಟ್ಟು, ಮೊಬೈಲ್ ಅಲುಗದ ಹಾಗೆ ಇಟ್ಟು, ಪ್ರತಿ ಬದಿಗೆ ಒಂದು ಫೋಟೋ ತೆಗೆಯಿರಿ. ಪಕ್ಕದಲ್ಲಿ 30 ಸೆಂಟಿಮೀಟರಿನ ಶಾಲೆಯ ಸ್ಕೇಲ್ ಇರಲಿ. ದೂರದಿಂದ ಸುತ್ತಲಿನ ಮರ, ಬದು, ಮನೆ ಕಾಣುವ ಹಾಗೆ ಎರಡು ಫೋಟೋ ಬೇಕೇ ಬೇಕು. ಪಡಿಯಚ್ಚು, ಅಂದರೆ ಒದ್ದೆ ಕಾಗದ ಒತ್ತಿ ಅಕ್ಷರದ ಅಚ್ಚು ತೆಗೆಯುವ ಕೆಲಸ ಬಲ್ಲವರಿಗೆ ಬಿಡಿ.

ಇಸವಿ ಓದಲು ಬಂದರೆ ಶಕವರ್ಷಕ್ಕೆ 78 ಸೇರಿಸಿ, ತಿಂಗಳು ಪುಷ್ಯದ ಕೊನೆ, ಮಾಘ, ಫಾಲ್ಗುಣ ಆಗಿದ್ದರೆ 79. ಕಾರ್ಕಳದ ಗೊಮ್ಮಟನ ಶಾಸನದಲ್ಲಿ ಶಕವರ್ಷ 1353, ಫಾಲ್ಗುಣ ಎಂದಿದೆ. ಹಾಗಾಗಿ 1432ರ ಫೆಬ್ರವರಿ.

ಪ್ರತಿ ವಸ್ತುವಿಗೂ ಒಂದು ಹಾಳೆ ಮಾಡಿ. ಗ್ರಾಮ, ಸರ್ವೆ ನಂಬರ್, ಜಾಗದ ಊರ ಹೆಸರು, ಜಿಪಿಎಸ್, ಅಳತೆ, ಯಾವ ಕಲ್ಲು, ಯಾವ ದಿಕ್ಕಿಗೆ ಮುಖ, ಯಾರು ತೋರಿಸಿದರು, ಯಾವ ದಿನ ನೋಡಿದಿರಿ. ‘ಬಹಳ ಪ್ರಾಚೀನ’, ‘ಆಳುಪರ ಕಾಲದ್ದು’ ಎಂದು ನೀವೇ ತೀರ್ಮಾನ ಬರೆಯಬೇಡಿ. ನೋಡಿದ್ದನ್ನು ಮಾತ್ರ ಬರೆಯಿರಿ. ಒಂದು ಉತ್ಪ್ರೇಕ್ಷೆ ಸಿಕ್ಕಿದರೆ ಉಳಿದ ಹತ್ತು ನಿಜವನ್ನೂ ಅಧಿಕಾರಿ ಬದಿಗೆ ಇಡುತ್ತಾರೆ.

ಯಾರಿಗೆ ಕೊಡಬೇಕು, ಯಾವಾಗ

ಜಿಲ್ಲಾಧಿಕಾರಿ, ಭೂಸ್ವಾಧೀನಾಧಿಕಾರಿ, ರಸ್ತೆಯ ಯೋಜನಾ ಕಚೇರಿ, ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆ. ನಾಲ್ವರಿಗೂ ಒಂದೇ ಪತ್ರ, ಒಂದೇ ದಿನ. ಕೈಯಲ್ಲಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ, ಮೈಸೂರಿಗೆ ಸ್ಪೀಡ್ ಪೋಸ್ಟ್ ಮಾಡಿ. ‘ರಸ್ತೆ ಬೇಡ’ ಎಂದು ಬರೆಯುವ ಅಗತ್ಯವಿಲ್ಲ. ಈ ಸರ್ವೆ ನಂಬರಿನಲ್ಲಿ ಇದು ಇದೆ, ಕೆಲಸಕ್ಕೆ ಮೊದಲು ಪುರಾತತ್ವದವರು ಬಂದು ನೋಡಲಿ, ಸಾಧ್ಯವಾದರೆ ಗೆರೆ ಹತ್ತು ಮೀಟರ್ ಸರಿಯಲಿ ಎಂದು ಕೇಳಿ. ನಕ್ಷೆ ಇನ್ನೂ ಕಂಪ್ಯೂಟರಿನಲ್ಲಿರುವಾಗ ಗೆರೆ ಸರಿಸಲು ಖರ್ಚಿಲ್ಲ.

ರಾಷ್ಟ್ರೀಯ ಹೆದ್ದಾರಿಯಾದರೆ ದಿನ ಎಣಿಸಬೇಕು. 1956ರ ಹೆದ್ದಾರಿ ಕಾಯ್ದೆಯ 3ಎ ಅಧಿಸೂಚನೆ (ಜಾಗ ತೆಗೆಯುವ ಉದ್ದೇಶ ತಿಳಿಸುವುದು) ಗೆಜೆಟ್‌ನಲ್ಲಿ ಬಂದ ದಿನದಿಂದ 21 ದಿನದೊಳಗೆ ಆಕ್ಷೇಪಣೆ ಕೊಡಬೇಕು. ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರುತ್ತದೆ, ಒಂದು ಕನ್ನಡದ್ದು. ಸರ್ವೆ ನಂಬರ್‌ಗಳ ಆ ಉದ್ದ ಪಟ್ಟಿಯನ್ನು ಯಾರೂ ಓದುವುದಿಲ್ಲ, ನೀವು ಓದಿ. ಆಕ್ಷೇಪಣೆ ಕೊಡುವ ಹಕ್ಕು ಆ ಜಾಗದಲ್ಲಿ ಹಿತಾಸಕ್ತಿ ಇರುವವರಿಗೆ, ಅಂದರೆ ಜಾಗದ ಯಜಮಾನರ ಸಹಿ ಬೇಕು. ಅವರ ಮನೆಯ ಜಗಲಿಯಲ್ಲಿ ಕೂತು ಮಾತಾಡಿ ಒಪ್ಪಿಸುವುದು ಇಡೀ ಕೆಲಸದಲ್ಲಿ ಕಷ್ಟದ ಭಾಗ, ಯಾಕೆಂದರೆ ಪರಿಹಾರಕ್ಕೆ ತೊಂದರೆ ಆಗಬಹುದು ಎಂಬ ಹೆದರಿಕೆ ಅವರಿಗಿರುತ್ತದೆ. ಅವರ ಹೆದರಿಕೆಗೆ ಬೆಲೆ ಕೊಡಿ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಜಾಗ ತೆಗೆಯುವ ರಸ್ತೆಯಾದರೆ ಪ್ರಾಥಮಿಕ ಅಧಿಸೂಚನೆಯಿಂದ 60 ದಿನ ಸಮಯ ಇರುತ್ತದೆ.

ಕೆಲಸ ಶುರುವಾದ ಮೇಲೂ ಹೋಗುತ್ತಿರಿ. ಸೈಟ್ ಇಂಜಿನಿಯರ್‌ಗೆ, ಹಿಟಾಚಿ ಓಡಿಸುವವರಿಗೆ ನಿಮ್ಮ ಫೋಟೋಗಳನ್ನು ತೋರಿಸಿ, ನಂಬರ್ ಕೊಡಿ. ನಮ್ಮ ಪಕ್ಕದ ಊರಿನಲ್ಲಿ ನಾವು ಹೀಗೆ ನಂಬರ್ ಕೊಟ್ಟಿದ್ದ, ಹಿಟಾಚಿ ಓಡಿಸುವ ಉತ್ತರ ಕರ್ನಾಟಕದ ಹುಡುಗನೊಬ್ಬ ಬೆಳಿಗ್ಗೆ ಆರೂವರೆಗೆ ಫೋನ್ ಮಾಡಿದ, ‘ಸರ್, ಅಕ್ಷರ ಐತಿ, ಬಕೆಟ್ ಹಚ್ಚಿಲ್ಲ, ಬರ್ರಿ’ ಎಂದ. ಹೋಗಿ ನೋಡಿದರೆ ಅರ್ಧ ತುಂಡಾದ ಕಲ್ಲು, ಮುರಿದದ್ದು ಎಷ್ಟೋ ಕಾಲದ ಹಿಂದೆ, ಅಕ್ಷರ ಆರು ಸಾಲು. ಅಂದು ಅವನು ಬೇರೆ ಕಡೆ ಕೆಲಸ ಮಾಡಿದ.

ಕಲ್ಲನ್ನು ಸರಿಸಲೇಬೇಕು ಎಂದಾದರೆ ಮೊದಲು ಇದ್ದ ಜಾಗದ ಅಳತೆ, ದಿಕ್ಕು, ಫೋಟೋ, ಪಂಚನಾಮೆ ಎಲ್ಲ ಆಗಲಿ. ಎತ್ತುವಾಗ ಸರಪಳಿ ಬೇಡ, ಅಗಲದ ಬೆಲ್ಟ್ ಹಾಕಿ, ಅಡಿಗೆ ಗೋಣಿ ಇಡಿ. ಆದಷ್ಟು ಹತ್ತಿರ, ಅದೇ ಗ್ರಾಮದಲ್ಲಿ ನಿಲ್ಲಿಸಿ. ಊರಿನಲ್ಲಿ ಜಾಗ ಇಲ್ಲದಿದ್ದರೆ ಮಂಗಳೂರು ಬಿಜೈಯ ಶ್ರೀಮಂತಿ ಬಾಯಿ ಸರಕಾರಿ ವಸ್ತುಸಂಗ್ರಹಾಲಯವನ್ನು ಕೇಳಬಹುದು. ದೇವಸ್ಥಾನದ ಅಂಗಳಕ್ಕೆ ಬಂದ ಕಲ್ಲಿಗೆ ಪೇಂಟ್ ಹಚ್ಚುತ್ತಾರೆ, ಬುಡಕ್ಕೆ ಸಿಮೆಂಟ್ ಹಾಕುವಾಗ ಕೊನೆಯ ಎರಡು ಸಾಲು ಒಳಗೆ ಹೋಗುತ್ತದೆ. ಮೊದಲೇ ನಿಂತು ಹೇಳಿ. ಹಳೆಯ ಗ್ರಾಮ, ಸರ್ವೆ ನಂಬರ್ ಬರೆದ ಒಂದು ಫಲಕ ಪಕ್ಕದಲ್ಲಿ ಇರಲಿ. ಅಕ್ಷರದ ಮುಖವನ್ನು ಗೋಡೆಗೆ ತಾಗಿಸಬೇಡಿ, ಒಬ್ಬರು ಟಾರ್ಚ್ ಹಿಡಿದು ಬದಿಯಲ್ಲಿ ನಿಲ್ಲುವಷ್ಟು ಜಾಗ ಬಿಡಿ.